ಹೊಸನಗರ ತಾಲೂಕಿನ ಒಂದು ಹುಲಿಚರ್ಮ: ಬೇಟೆಯ ಹೆಮ್ಮೆ ಮತ್ತು ಜನರ ಸಿಟ್ಟು

ಈ ಪ್ರಕರಣದ ಕೇಂದ್ರದಲ್ಲಿರುವುದು ತಲೆಸಹಿತ ಹದ ಮಾಡಿದ ಒಂದು ಹುಲಿಚರ್ಮ ಮತ್ತು ಅದೇ ಹುಲಿಯದೆಂದು ಮನೆಯವರು ಹೇಳುವ ಎರಡು ಉಗುರುಗಳು. ಹೊಸನಗರ ತಾಲೂಕಿನ ಅಡಿಕೆ ಬೆಳೆಗಾರರೊಬ್ಬರ ಮನೆಯ ಜಗಲಿಯ ಗೋಡೆಯಲ್ಲಿ ಆ ಚರ್ಮ ಸುಮಾರು ಏಳು ದಶಕ ತೂಗುತ್ತಿತ್ತು. ಬಂದುಹೋದವರೆಲ್ಲ ಅದನ್ನು ನೋಡಿದ್ದರು, ಮುಟ್ಟಿದ್ದರು, ಅದರ ಕೆಳಗೆ ಕೂತು ಕಾಫಿ ಕುಡಿದಿದ್ದರು. ಯಾರೂ ತಕರಾರು ಎತ್ತಿರಲಿಲ್ಲ. 2023ರ ಕೊನೆಯಲ್ಲಿ ಕೆಲವೇ ದಿನಗಳ ಅವಧಿಯಲ್ಲಿ ಅದು ಆ ಕುಟುಂಬವನ್ನು ಸಾವಿರಾರು ಅಪರಿಚಿತರ ಮುಂದೆ ಕಟಕಟೆಗೆ ತಂದಿತು. ನಾನು ಶಿವಮೊಗ್ಗದಲ್ಲಿ ವಕೀಲಿ ವೃತ್ತಿಯಲ್ಲಿರುವವನು. ಸಲಹೆ ಕೇಳಿ ಅವರು ಬಂದಿದ್ದರಿಂದ ವಿಷಯ ನನ್ನ ಗಮನಕ್ಕೆ ಬಂತು. ಅವರ ಒಪ್ಪಿಗೆ ಪಡೆದು, ಊರು ಮತ್ತು ಹೆಸರುಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಕಾನೂನಿನ ದೃಷ್ಟಿಯಿಂದ ಇದು ಸರಳವಾದ ಪ್ರಕರಣ. ಸರಿ ತಪ್ಪಿನ ದೃಷ್ಟಿಯಿಂದ ನೋಡಿದರೆ ಇದರೊಳಗೆ ಮೂರು ನಾಲ್ಕು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಹಿನ್ನೆಲೆ ಓದುಗರಿಗೆ ನೆನಪಿರಬಹುದು. 2023ರ ಅಕ್ಟೋಬರ್‌ನಲ್ಲಿ ಕನ್ನಡದ ಟಿ.ವಿ. ರಿಯಾಲಿಟಿ ಕಾರ್ಯಕ್ರಮವೊಂದರ ಸ್ಪರ್ಧಿಯನ್ನು ಹುಲಿಯುಗುರಿನ ಲಾಕೆಟ್ ಧರಿಸಿದ್ದಕ್ಕಾಗಿ ಅರಣ್ಯ ಇಲಾಖೆ ಬಂಧಿಸಿತು. ಅದರ ಬೆನ್ನಿಗೇ ಚಿತ್ರನಟರು, ರಾಜಕಾರಣಿಗಳು, ಧಾರ್ಮಿಕ ಮುಖಂಡರು ಹೀಗೆ ಹಲವರ ಹಳೆಯ ಫೋಟೊಗಳನ್ನು ಜನರು ಹುಡುಕಿ ತೆಗೆದು ದೂರು ಕೊಟ್ಟರು. ಕುತ್ತಿಗೆಯಲ್ಲಿ ಉಗುರು ಕಂಡವರೆಲ್ಲ ಆರೋಪಿಗಳಾದ ಆ ದಿನಗಳಲ್ಲಿಯೇ ನಾನು ಹೇಳುತ್ತಿರುವ ಮನೆಯ ಸೊಸೆ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ತೆಗೆಸಿದ ಮಗನ ಫೋಟೊವನ್ನು ತಮ್ಮ ಖಾತೆಯಲ್ಲಿ ಹಾಕಿದರು. ಮಗುವಿನ ಎದೆಯ ಮೇಲೆ ಬೆಳ್ಳಿ ಕಟ್ಟಿನ ಉಗುರು ಇತ್ತು; ಹಿಂದಿನ ಗೋಡೆಯಲ್ಲಿ ಹುಲಿಯ ತಲೆ ಅರ್ಧ ಕಾಣುತ್ತಿತ್ತು. ದೃಷ್ಟಿ ತಾಗದಿರಲಿ, ಮಗು ಬೆಚ್ಚಿಬೀಳದಿರಲಿ ಎಂದು ಆ ಮನೆಯಲ್ಲಿ ಮೂರು ತಲೆಮಾರಿನ ಮಕ್ಕಳಿಗೆ ಅದೇ ಉಗುರು ಕಟ್ಟಿದ್ದಾರೆ. ಯಾರೋ ಫೋಟೊವನ್ನು ನಕಲು ಮಾಡಿ, ಅದರ ಮೇಲೆ ಕೆಂಪು ವೃತ್ತ ಹಾಕಿ, ಊರಿನ ಹೆಸರು ಸಮೇತ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಿಟ್ಟರು. ಆಮೇಲೆ ಬಂದ ಮಾತುಗಳಲ್ಲಿ ಕೆಲವನ್ನು ನಾನು ಇಲ್ಲಿ ಬರೆಯಲಾರೆ. ಆ ಮಗುವಿನ ಚರ್ಮವನ್ನೂ ಹೀಗೆಯೇ ಸುಲಿದು ಗೋಡೆಗೆ ಹಾಕಬೇಕು ಎಂದು ಒಬ್ಬರು ಬರೆದಿದ್ದರು, ಮತ್ತು ಆ ಮಾತನ್ನು ನೂರಾರು ಜನ ಮೆಚ್ಚಿದ್ದರು ಎಂಬುದಷ್ಟನ್ನು ಹೇಳಿದರೆ ಸಾಕು. ಆ ಹೆಣ್ಣುಮಗಳು ನನ್ನ ಕಚೇರಿಯಲ್ಲಿ ಕೇಳಿದ ಮಾತು ಇದು: "ಹುಲೀನ ನಾನು ಜೀವಂತ ನೋಡಿದ್ದೇ ತ್ಯಾವರೆಕೊಪ್ಪದ ಸಫಾರೀಲಿ ಸಾರ್. ನನ್ನ ಮಗೂಗೆ ಯಾಕೆ ಶಾಪ ಹಾಕ್ತಾರೆ ಇವ್ರು?"

ಚರ್ಮವನ್ನು ನಾನು ಹತ್ತಿರದಿಂದ ನೋಡಿದೆ. ಕೆಂಪು ಉಣ್ಣೆಯ ಬಟ್ಟೆಗೆ ಹೊಲಿದು, ಅಂಚಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಪ್ಪು ಪಟ್ಟಿ ಕೊಟ್ಟಿದ್ದಾರೆ. ಬೆನ್ನಿನ ಬಂಗಾರದ ಬಣ್ಣ ಮಾಸಿ ಒಣಹುಲ್ಲಿನಂತಾಗಿದೆ. ಎಡಗಿವಿಯನ್ನು ನುಸಿ ತಿಂದು ಒಳಗಿನ ಗಟ್ಟಿ ಅಚ್ಚು ಹೊರಗೆ ಕಾಣುತ್ತದೆ. ಬಾಯಿಯನ್ನು ಪೂರ್ತಿ ತೆರೆದು, ಒಸಡಿಗೂ ನಾಲಿಗೆಗೂ ಬಣ್ಣ ಬಳಿದು, ಗಾಜಿನ ಕಣ್ಣು ಕೂರಿಸಿದ್ದಾರೆ. ಸತ್ತ ಕ್ಷಣದಲ್ಲಿ ಯಾವ ಹುಲಿಯ ಮುಖವೂ ಹಾಗೆ ಇರುವುದಿಲ್ಲ. ಕೊಂದವನ ಧೈರ್ಯ ನೋಡುವವರಿಗೆ ತಿಳಿಯಲಿ ಎಂದು ಪ್ರಾಣಿಯ ಮುಖಕ್ಕೆ ಇಲ್ಲದ ಕೋಪವನ್ನು ತುಂಬುವುದು ಆ ಕಸುಬಿನ ರೂಢಿಯಾಗಿತ್ತು. ಹುಲಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು ಹದಿನೆಂಟು ಉಗುರು. ಇದರಲ್ಲಿ ಬಲ ಮುಂಗಾಲಿನ ಎರಡು ಇಲ್ಲ. ಬಟ್ಟೆಯ ಹಿಂಭಾಗದಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆಯ ಚೀಟಿಯ ಅರ್ಧ ತುಂಡು ಉಳಿದಿದೆ. ದೇಶದ ರಾಜಮಹಾರಾಜರಿಗೂ ಬ್ರಿಟಿಷ್ ಅಧಿಕಾರಿಗಳಿಗೂ ಸಾವಿರಾರು ಹುಲಿ ಚಿರತೆಗಳನ್ನು ಹದ ಮಾಡಿಕೊಟ್ಟ ಆ ಸಂಸ್ಥೆ 1999ರಲ್ಲಿ ಬಾಗಿಲು ಹಾಕಿತು.

ಬೇಟೆಯ ಬಗ್ಗೆ ಮನೆಯಲ್ಲಿ ಉಳಿದಿರುವ ಮಾತು ಹೀಗಿದೆ. 1950ರ ದಶಕದ ಆರಂಭದಲ್ಲಿ ಊರಿನ ಕಾನಂಚಿನಲ್ಲಿ ಒಂದು ಹುಲಿ ಒಂದೇ ಮಳೆಗಾಲದಲ್ಲಿ ಹಲವು ದನಗಳನ್ನು ಹಿಡಿಯಿತು. ಈಗಿನ ಯಜಮಾನರ ತಂದೆ, ತಿಂದು ಬಿಟ್ಟ ದನದ ಹತ್ತಿರ ಮರದ ಮೇಲೆ ಅಟ್ಟಣಿಗೆ ಕಟ್ಟಿ ಮರಸು ಕೂತು, ತೋಟಾ ಕೋವಿಯಿಂದ ಒಂದೇ ಈಡಿಗೆ ಅದನ್ನು ಕೆಡವಿದರು. ಊರವರು ಹುಲಿಯನ್ನು ಬಿದಿರಿಗೆ ಕಟ್ಟಿ ಹೊತ್ತು, ವಾಲಗದೊಂದಿಗೆ ಮೆರವಣಿಗೆ ಮಾಡಿದರು. "ದನ ತಿಂದ ಹುಲಿ ವಕೀಲರೇ ಅದು. ಅಪ್ಪಯ್ಯ ಸುಮ್ಮಸುಮ್ಮನೆ ಹೊಡೆದದ್ದಲ್ಲ" ಎಂದು ಎಪ್ಪತ್ತು ದಾಟಿದ ಯಜಮಾನರು ಮತ್ತೆ ಮತ್ತೆ ಹೇಳಿದರು. ಈ ಮಾತು ನಿಜವೆಂದೇ ನಾನು ನಂಬುತ್ತೇನೆ. ಆದರೆ ಅದೇ ಜಗಲಿಯಲ್ಲಿ ಟೋಪಿ, ಕೊಡೆ ತೂಗುಹಾಕಲು ಬಳಸುತ್ತಿದ್ದ ಕಡವೆಯ ಕೊಂಬುಗಳೂ ಕಾಡುಕುರಿಯ ಕೊಂಬುಗಳೂ ಇದ್ದವು. ಅವು ಯಾವ ದನವನ್ನೂ ತಿಂದವಲ್ಲ.

ಕಾನೂನಿನ ಭಾಗವನ್ನು ಬೇಗ ಮುಗಿಸುತ್ತೇನೆ. ಆ ಕಾಲಕ್ಕೆ ಹುಲಿ ಹೊಡೆಯುವುದು ಅಪರಾಧವಾಗಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿಯನ್ನು ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಾದ ಒಂದನೇ ಅನುಸೂಚಿಗೆ ಸೇರಿಸಿತು ಮತ್ತು ಅಂಥ ಪ್ರಾಣಿಗಳ ಚರ್ಮ, ಉಗುರು, ಕೊಂಬು ಇಟ್ಟುಕೊಂಡವರೆಲ್ಲ ಘೋಷಿಸಿಕೊಳ್ಳಬೇಕೆಂದಿತು. ಘೋಷಿಸದೆ ಉಳಿದವರಿಗೆ 2003ರ ನಿಯಮಗಳು 180 ದಿನಗಳ ಇನ್ನೊಂದು ಅವಕಾಶ ಕೊಟ್ಟವು. ಈ ಕುಟುಂಬ ಎರಡೂ ಸಲ ಘೋಷಿಸಲಿಲ್ಲ. ಬಚ್ಚಿಟ್ಟುಕೊಳ್ಳುವ ಉದ್ದೇಶ ಅವರಿಗಿರಲಿಲ್ಲ. ಸುದ್ದಿಯೇ ತಲುಪಿರಲಿಲ್ಲ, ತಲುಪಿದ್ದರೂ ಅಜ್ಜನ ಹುಲಿಗೆ ಸರ್ಕಾರದ ಸರ್ಟಿಫಿಕೇಟ್ ಬೇಕೆಂದು ಅವರಿಗೆ ಹೊಳೆಯುತ್ತಿರಲಿಲ್ಲ. ಆದರೆ ಕಾಯ್ದೆಗೆ ಆ ವ್ಯತ್ಯಾಸ ಸಾಲದು. ದಾಖಲೆಯಿಲ್ಲದ ವಸ್ತು ಅಕ್ರಮವೆಂದೇ ಪರಿಗಣಿತವಾಗುತ್ತದೆ, ಅಕ್ರಮವಲ್ಲವೆಂದು ತೋರಿಸುವ ಹೊಣೆ ಇಟ್ಟುಕೊಂಡವರದು, ಮತ್ತು ಒಂದನೇ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಶಿಕ್ಷೆ ಕನಿಷ್ಠ ಮೂರು ವರ್ಷದಿಂದ ಏಳು ವರ್ಷದವರೆಗೆ.

ಮನೆಯೊಳಗೆ ಆಗ ನಡೆದ ಚರ್ಚೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ನಡೆದಿರಬೇಕು. ರಾತ್ರೋರಾತ್ರಿ ಬಚ್ಚಲೊಲೆಗೆ ಹಾಕಿ ಸುಟ್ಟುಬಿಡಿ ಎಂದರು ಒಬ್ಬ ನೆಂಟರು; ಕಲ್ಲು ಕಟ್ಟಿ ಹಿನ್ನೀರಿಗೆ ಬಿಡಿ ಎಂದರು ಇನ್ನೊಬ್ಬರು. ನಾಶ ಮಾಡಿದರೆ ಸಾಕ್ಷ್ಯ ಅಳಿಸಿದ ಆರೋಪವೂ ಸೇರುತ್ತದೆ, ಏನೇ ಇರಲಿ ತಾವಾಗಿಯೇ ಹೋಗಿ ಒಪ್ಪಿಸುವುದೇ ಸರಿ ಎಂದು ನಾನು ಹೇಳಿದೆ. ಯಜಮಾನರು ಒಪ್ಪುವ ಹೊತ್ತಿಗೆ ಹೊಸ ವರ್ಷ ಬಂದಿತ್ತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ, ಘೋಷಿಸದ ವನ್ಯಜೀವಿ ವಸ್ತುಗಳನ್ನು ಮರಳಿಸಲು ಮೂರು ತಿಂಗಳ ಅವಕಾಶವನ್ನು ಪ್ರಕಟಿಸಿತು. ಅದು ಇವರ ಪಾಲಿಗೆ ದಾರಿಯಾಯಿತು. ಆದರೂ ಆ ಅವಕಾಶ ಬಾರದಿದ್ದರೂ ನನ್ನ ಸಲಹೆ ಬದಲಾಗುತ್ತಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಪ್ರಕರಣದಲ್ಲಿ ಕೊಂದದ್ದು, ಗೋಡೆಗೆ ಹಾಕಿದ್ದು, ಕುತ್ತಿಗೆಗೆ ಕಟ್ಟಿದ್ದು ಎಂಬ ಮೂರು ಬೇರೆ ಬೇರೆ ಕೃತ್ಯಗಳಿವೆ. ಸಿಟ್ಟಿನ ಭರದಲ್ಲಿ ಮೂರನ್ನೂ ಒಂದೇ ಎಂದು ಕಂಡದ್ದರಿಂದ ಯಾವುದಕ್ಕೂ ಸರಿಯಾದ ತೀರ್ಪು ಸಿಗಲಿಲ್ಲ. ಕೊಟ್ಟಿಗೆಯ ದನವೇ ಬದುಕಾಗಿದ್ದ, ಪರಿಹಾರವೆಂಬುದೇ ಇಲ್ಲದಿದ್ದ ಕಾಲದಲ್ಲಿ ದನ ಹಿಡಿಯುವ ಹುಲಿಯನ್ನು ಕೊಂದವನನ್ನು ನಾನು ದೂಷಿಸಲಾರೆ. ಇಂದಿನ ಕಾಯ್ದೆ ಕೂಡ ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅದನ್ನು ಅಪರಾಧವೆನ್ನುವುದಿಲ್ಲ. ಮನುಷ್ಯರಿಗೆ ಅಪಾಯಕಾರಿಯಾದ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶ ಕೊಡುವುದಕ್ಕೂ ಅವಕಾಶವಿದೆ. ಆದರೆ ದನದ ರಕ್ಷಣೆ ಹುಲಿ ಸತ್ತ ಕ್ಷಣದಲ್ಲಿಯೇ ಮುಗಿಯಿತು. ಅದನ್ನು ಮೈಸೂರಿಗೆ ಸಾಗಿಸಿ, ಹಣ ಕೊಟ್ಟು, ಗಾಜಿನ ಕಣ್ಣು ಹಾಕಿಸಿ ತಂದದ್ದಕ್ಕೆ ದನ ಕಾರಣವಲ್ಲ. ಒಂದು ಜೀವದ ಅಂತ್ಯವನ್ನು ತನ್ನ ದೊಡ್ಡಸ್ತಿಕೆಗೆ ಪುರಾವೆಯಾಗಿ ಇಟ್ಟುಕೊಳ್ಳುವ ಆಸೆ ಅದಕ್ಕೆ ಕಾರಣ. ಬೇಟೆಯ ನೆನಪಿನ ವಸ್ತುಗಳನ್ನು ಕಂಡಾಗ ಜನರಿಗೆ ಆಗುವ ಅಸಹ್ಯ ಈ ಆಸೆಯನ್ನು ಕುರಿತದ್ದು, ಮತ್ತು ಅದು ಸರಿಯಾದ ಅಸಹ್ಯ. ಕಡವೆಯ ಕೊಂಬುಗಳನ್ನು ಕುರಿತಂತೂ ನನಗೆ ಯಾವ ಅನುಮಾನವೂ ಇಲ್ಲ.

ಉಗುರಿನ ವಿಷಯ ಬೇರೆ. ತಾಯಿ ಅದನ್ನು ಕಟ್ಟಿದ್ದು ಮಗುವಿನ ಮೇಲಿನ ಅಕ್ಕರೆಯಿಂದ. ಆದರೂ ಇಂದು ಹುಲಿಗೆ ಅತ್ಯಂತ ಅಪಾಯಕಾರಿಯಾಗಿರುವುದು ಈ ಮೂರನೆಯದೇ. ಅಜ್ಜನ ಕೋವಿ ಸುಮ್ಮನಾಗಿ ದಶಕಗಳಾದವು. ಉಗುರಿನ ಬೇಡಿಕೆ ಸುಮ್ಮನಾಗಿಲ್ಲ. ಆ ಬೇಡಿಕೆ ಎಷ್ಟಿದೆಯೆಂದರೆ ದನದ ಕೊಂಬಿನಿಂದ ಕೆತ್ತಿದ ನಕಲಿ ಉಗುರುಗಳಿಗೇ ಒಂದು ಮಾರುಕಟ್ಟೆಯಿದೆ. ಒಂದು ಮಗುವಿನ ಎದೆಯ ಮೇಲೆ ಕಂಡ ಉಗುರು ಇನ್ನೊಂದು ಮನೆಯಲ್ಲಿ ಆಸೆ ಹುಟ್ಟಿಸುತ್ತದೆ, ಆ ಆಸೆ ಉರುಳು ಹಾಕುವವನಿಗೆ ತಲುಪುತ್ತದೆ. ಇದನ್ನು ಆ ತಾಯಿಗೆ ವಿವರಿಸಿದಾಗ ಅವರು ತಕ್ಷಣ ಒಪ್ಪಿಕೊಂಡರು. ಬೈದವರಲ್ಲಿ ಒಬ್ಬರೂ ಇದನ್ನು ಅವರಿಗೆ ಹೇಳಿರಲಿಲ್ಲ.

ಇಂಥ ಸಿಟ್ಟು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ನೋಡಲು ಲೋಕಪ್ರಸಿದ್ಧವಾದ ಒಂದು ಉದಾಹರಣೆ ಇದೆ. 2015ರ ಜುಲೈ ಮೊದಲ ದಿನಗಳಲ್ಲಿ ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಹೊರಗೆ ಸೆಸಿಲ್ ಎಂಬ ಸಿಂಹವನ್ನು ಅಮೆರಿಕದ ಮಿನ್ನೆಸೋಟಾ ರಾಜ್ಯದ ದಂತವೈದ್ಯರೊಬ್ಬರು ಕೊಂದರು. ಈ ಬೇಟೆಗೆ ಅವರು ಸುಮಾರು 50,000 ಡಾಲರ್ ಕೊಟ್ಟಿದ್ದರೆಂದು ವರದಿಯಾಯಿತು. ಮೊದಲ ಬಾಣಕ್ಕೆ ಗಾಯಗೊಂಡ ಸಿಂಹ ಹಲವು ಗಂಟೆಗಳ ನಂತರ ಸತ್ತಿತು. ಅದರ ಕೊರಳಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಹಾಕಿದ್ದ ರೇಡಿಯೊ ಪಟ್ಟಿಯಿತ್ತು. ಸುದ್ದಿ ಹಬ್ಬಿದ ಮೇಲೆ ಆ ವೈದ್ಯರ ಚಿಕಿತ್ಸಾಲಯದ ಮುಂದೆ ಜನರು ಆಟದ ಸಿಂಹಗಳನ್ನು ರಾಶಿ ಹಾಕಿದರು, ಅವರು ಕೆಲಕಾಲ ಚಿಕಿತ್ಸಾಲಯ ಮುಚ್ಚಬೇಕಾಯಿತು. ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳು ಬೇಟೆಯ ತಲೆ, ಚರ್ಮಗಳನ್ನು ಸಾಗಿಸುವುದಿಲ್ಲವೆಂದವು. ಫ್ರಾನ್ಸ್ ಅದೇ ವರ್ಷ ಸಿಂಹದ ತಲೆ, ಚರ್ಮಗಳ ಆಮದನ್ನು ನಿಲ್ಲಿಸಿತು. ಆಕ್ಸ್‌ಫರ್ಡಿನ ಆ ತಂಡಕ್ಕೆ ಜನರಿಂದ ಹತ್ತು ಲಕ್ಷ ಡಾಲರಿಗೂ ಹೆಚ್ಚು ದೇಣಿಗೆ ಬಂತು. ಸಿಟ್ಟಿನಿಂದ ಏನೂ ಆಗುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಆದರೆ ಅದೇ ಹ್ವಾಂಗೆಯಲ್ಲಿ ಆ ತಂಡ 1999ರಿಂದ 2004ರವರೆಗೆ ನಡೆಸಿದ ಅಧ್ಯಯನದ ಲೆಕ್ಕ ಬಹಳ ಹಿಂದೆಯೇ ಪ್ರಕಟವಾಗಿತ್ತು. ಗುರುತು ಹಾಕಿದ 62 ಸಿಂಹಗಳಲ್ಲಿ 34 ಸತ್ತವು, ಅವುಗಳಲ್ಲಿ 24 ಹವ್ಯಾಸಿ ಬೇಟೆಗಾರರ ಗುಂಡಿಗೆ ಬಲಿಯಾದವು. ಆ ಇಪ್ಪತ್ತನಾಲ್ಕಕ್ಕಾಗಿ ಯಾರೂ ಬೀದಿಗಿಳಿಯಲಿಲ್ಲ, ಏಕೆಂದರೆ ಅವುಗಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಸೆಸಿಲ್‌ನ ಸಾವಿನ ನಂತರ ಜಿಂಬಾಬ್ವೆ ಸರ್ಕಾರ ಹ್ವಾಂಗೆಯ ಸುತ್ತ ಹಾಕಿದ ಬೇಟೆ ನಿರ್ಬಂಧ ಕೆಲವೇ ದಿನಗಳಲ್ಲಿ ಸಡಿಲವಾಯಿತು. 2017ರ ಜುಲೈನಲ್ಲಿ ಸೆಸಿಲ್‌ನ ಮಗ ಕ್ಸಾಂಡಾ ಕೂಡ ಉದ್ಯಾನದ ಗಡಿಯಾಚೆ ಹಣ ಕೊಟ್ಟು ಬಂದ ಬೇಟೆಗಾರನ ಗುಂಡಿಗೆ ಸತ್ತಿತು. ಸೆಸಿಲ್‌ಗಾಗಿ ಲೋಕ ಸಿಟ್ಟಾಗಿದ್ದ 2015ರ ದಿನಗಳಲ್ಲಿಯೇ ಅಮೆರಿಕದಲ್ಲಿ ಓದುತ್ತಿದ್ದ ಜಿಂಬಾಬ್ವೆಯ ವಿದ್ಯಾರ್ಥಿಯೊಬ್ಬರು, ತಮ್ಮ ಹಳ್ಳಿಯಲ್ಲಿ ಸಿಂಹವೆಂದರೆ ರಾತ್ರಿಯ ಭಯ, ಹಿಂದೆ ಅಂಥ ಒಂದು ಸಿಂಹ ಸತ್ತಾಗ ತಮ್ಮ ಊರು ಕುಣಿದಿತ್ತು ಎಂದು ಪತ್ರಿಕೆಯಲ್ಲಿ ಬರೆದರು. ಹೊಸನಗರದ ಆ ವಾಲಗದ ಮೆರವಣಿಗೆಯನ್ನು ಕೇಳಿ ಬಲ್ಲ ನಮಗೆ ಅದು ಅರ್ಥವಾಗದ ಮಾತೇನಲ್ಲ.

ಆಫ್ರಿಕದ ಬೇಟೆಯನ್ನು ಸಮರ್ಥಿಸುವವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ನಮೀಬಿಯಾ 1996ರ ಕಾನೂನಿನ ಮೂಲಕ ಹಳ್ಳಿಗಳ ಸಮುದಾಯಗಳಿಗೇ ವನ್ಯಜೀವಿಯ ನಿರ್ವಹಣೆಯ ಹಕ್ಕು ಕೊಟ್ಟಿತು. ಪ್ರವಾಸ ಮತ್ತು ಬೇಟೆಯ ಆದಾಯ ಅವುಗಳಿಗೆ ಸೇರುತ್ತದೆ, ಆದ್ದರಿಂದ ಕಾಡುಪ್ರಾಣಿ ಇರುವುದು ಊರಿಗೆ ಲಾಭವಾಗುತ್ತದೆ. 2014ರಲ್ಲಿ ಅಲ್ಲಿನ ಒಂದು ಮುದಿ ಕಪ್ಪು ಘೇಂಡಾಮೃಗದ ಬೇಟೆಯ ಪರವಾನಗಿ ಅಮೆರಿಕದ ಹರಾಜಿನಲ್ಲಿ 3,50,000 ಡಾಲರಿಗೆ ಹೋಯಿತು. ಇನ್ನೊಂದೆಡೆ 1977ರಲ್ಲಿಯೇ ಬೇಟೆ ನಿಲ್ಲಿಸಿದ ಕೀನ್ಯಾ ಇದೆ, 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ಆರಂಭಿಸಿದ ಬೋಟ್ಸ್ವಾನಾ ಇದೆ. ಹಣ ನಿಜವಾಗಿ ಹಳ್ಳಿಗೆ ತಲುಪುವ ಕಡೆ ಆ ವಾದಕ್ಕೆ ಬಲವಿದೆ, ದಲ್ಲಾಳಿಗಳ ಬಳಿ ನಿಲ್ಲುವ ಕಡೆ ಇಲ್ಲ. ಅದು ಬಲವಾಗಿದ್ದಾಗಲೂ ಸಾಧಿಸುವುದು ಇಷ್ಟನ್ನೇ: ಒಂದು ಕೆಟ್ಟ ಆಸೆಯಿಂದ ಒಳ್ಳೆಯ ಕೆಲಸಕ್ಕೆ ಹಣ ಎತ್ತಬಹುದು. ಆ ಆಸೆ ಒಳ್ಳೆಯದಾಯಿತೆಂದು ಅದರಿಂದ ಸಿದ್ಧವಾಗುವುದಿಲ್ಲ. ಹಾಗೆಯೇ, ಆಸೆ ಕೆಟ್ಟದ್ದೆಂದು ಕೂಗಿದ ಮಾತ್ರಕ್ಕೆ ಸಿಂಹದ ಪಕ್ಕದಲ್ಲಿ ಬದುಕುವವನ ನಷ್ಟವೂ ತುಂಬುವುದಿಲ್ಲ.

ಮಲೆನಾಡು ಬೇರೆ ದಾರಿಯಲ್ಲಿ ಬಂದಿದೆ. 1972ರ ಗಣತಿಯಲ್ಲಿ ದೇಶದಲ್ಲಿ 1,827 ಹುಲಿಗಳಷ್ಟೇ ಇವೆಯೆಂದು ತಿಳಿದಾಗ ನಾವು ಬೇಟೆಯನ್ನು ನಿಲ್ಲಿಸಿದೆವು; 2022ರ ಅಂದಾಜಿನಲ್ಲಿ ಕರ್ನಾಟಕವೊಂದರಲ್ಲೇ 563 ಹುಲಿಗಳಿವೆ. ಇದರ ಬೆಲೆ ತೆತ್ತವರು ಯಾರು ಎಂಬುದನ್ನು ನೆನೆಯಬೇಕು. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು 2002ರ ಆಸುಪಾಸಿನಲ್ಲಿ ಮನೆ, ಗದ್ದೆ, ದೈವದ ಬನಗಳನ್ನು ಬಿಟ್ಟು ಹೊರಗೆ ಬಂದವು. ದೇಶದಲ್ಲಿ ಚೆನ್ನಾಗಿ ನಡೆದ ಸ್ಥಳಾಂತರಗಳಲ್ಲಿ ಅದೂ ಒಂದೆಂದು ಹೆಸರಾಗಿದೆ, ಆದರೂ ಬಿಟ್ಟು ಬಂದದ್ದು ಬಿಟ್ಟು ಬಂದದ್ದೇ. ಅಜ್ಜನ ಹುಲಿ ಓಡಾಡಿದ ಕಾನಿನ ಕೆಳಭಾಗವಂತೂ ಇಂದು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಮುಗಿದ ಆ ಅಣೆಕಟ್ಟು ಸಾಗರ, ಹೊಸನಗರಗಳಲ್ಲಿ ಎಷ್ಟು ಕಾಡನ್ನು, ಎಷ್ಟು ಊರನ್ನು ಮುಳುಗಿಸಿತೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಒಬ್ಬ ಮನುಷ್ಯನ ಕೋವಿ ಒಂದು ಹುಲಿಯನ್ನು ಕೊಂದಿತು; ನೀರು ಹುಲಿಗಳು ಇರಬಹುದಾಗಿದ್ದ ಜಾಗವನ್ನೇ ತೆಗೆದುಕೊಂಡಿತು. ಎರಡನೆಯದಕ್ಕೆ ಗೋಡೆಗೆ ತೂಗುಹಾಕಬಹುದಾದ ತಲೆಯಿಲ್ಲವಾದ್ದರಿಂದ ಅದರ ಫೋಟೊ ಯಾರ ಮೊಬೈಲಿಗೂ ಬರುವುದಿಲ್ಲ.

ಸಿಟ್ಟು ಹೀಗೆ ಕಣ್ಣಿಗೆ ಕಂಡದ್ದನ್ನೇ ಹಿಡಿಯುತ್ತದೆ ಎಂಬುದಕ್ಕೆ ಆ ಫೋಟೊ ಹರಡಿದ ವರ್ಷದ್ದೇ ಇನ್ನೆರಡು ಘಟನೆಗಳು ಸಾಕ್ಷಿ. 2023ರ ಆಗಸ್ಟ್ ಕೊನೆಯಲ್ಲಿ ಹಾಸನ ಜಿಲ್ಲೆಯ ಆಲೂರು ತಾಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ನೀಡಲು ಅರಿವಳಿಕೆ ಚುಚ್ಚುಮದ್ದು ಹಾರಿಸಿದ ನುರಿತ ಸಿಬ್ಬಂದಿಯೊಬ್ಬರನ್ನು ಆ ಆನೆಯೇ ತುಳಿದು ಕೊಂದಿತು. ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನಲ್ಲಿ, ಎಂಟು ಸಲ ದಸರಾ ಅಂಬಾರಿ ಹೊತ್ತ ಅರ್ಜುನ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತ. ಅರ್ಜುನನಿಗಾಗಿ ಇಡೀ ನಾಡು ಅತ್ತಿತು, ತನಿಖೆ ಕೇಳಿತು, ಸ್ಮಾರಕ ಕೇಳಿತು. ಅದು ತಪ್ಪಲ್ಲ, ನಾನೂ ಸಂಕಟಪಟ್ಟೆ. ಆದರೆ ಆನೆಗಳನ್ನು ಉಳಿಸುವುದರಲ್ಲೇ ಬದುಕು ಸವೆಸಿದ ಆ ಮನುಷ್ಯನ ಹೆಸರನ್ನು ನನ್ನ ಪರಿಚಿತರಲ್ಲಿ ಹೇಳಬಲ್ಲವರು ಬಹಳ ಕಡಿಮೆ.

ಹೀಗಿರುವಾಗ ಆ ಫೋಟೊ ಕಂಡವನೊಬ್ಬ ಏನು ಮಾಡಬೇಕಿತ್ತು? ಅರಣ್ಯ ಇಲಾಖೆಗೆ ದೂರು ಕೊಡುವುದು ಅವನ ಹಕ್ಕು, ಕರ್ತವ್ಯ ಎಂದರೂ ಸರಿಯೇ. ಹಾಗೆ ದೂರು ಕೊಟ್ಟವರ ಮೇಲೆ ನನಗೆ ಬೇಸರವಿಲ್ಲ. ಮಗುವಿನ ಮುಖಕ್ಕೆ ವೃತ್ತ ಹಾಕಿ ಊರಿನ ಹೆಸರು ಬರೆದವನ ಮೇಲೆ ಬೇಸರವಿದೆ. ತಾನು ಮಾಡದ ಕೃತ್ಯಕ್ಕೆ, ಬದಲಾಯಿಸಲಾಗದ ಕಾಲಕ್ಕೆ ಒಬ್ಬ ತಾಯಿಯನ್ನು ಹೊಣೆ ಮಾಡಿದ ಆ ಸಿಟ್ಟು ಯಾರಿಂದಲೂ ಏನನ್ನೂ ಕೇಳಲಿಲ್ಲ. ಉಗುರು ಮಾರುವ ಅಂಗಡಿಯನ್ನು ಕೇಳಲಿಲ್ಲ, ಘೋಷಣೆಯ ಸುದ್ದಿಯನ್ನು ಹಳ್ಳಿಗೆ ತಲುಪಿಸದ ಆಡಳಿತವನ್ನು ಕೇಳಲಿಲ್ಲ. ಇದೇ ಜಿಲ್ಲೆಯಲ್ಲಿ ಬೇರೆ ಬಗೆಯ ಸಿಟ್ಟನ್ನೂ ನಾನು ಕಂಡಿದ್ದೇನೆ. ಸಿಂಗಳೀಕಗಳ ಅಭಯಾರಣ್ಯದೊಳಗೆ ಯೋಜಿಸಿರುವ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ) ಯೋಜನೆಯನ್ನು ವಿರೋಧಿಸುವವರು ಕಡತ ಓದುತ್ತಾರೆ, ಲಿಖಿತ ಆಕ್ಷೇಪ ಸಲ್ಲಿಸುತ್ತಾರೆ, ಯಾರು ಉತ್ತರಿಸಬೇಕೋ ಅವರನ್ನೇ ಪ್ರಶ್ನಿಸುತ್ತಾರೆ. ಅವರ ಧ್ವನಿಯೂ ಏರುತ್ತದೆ. ಆದರೆ ಅದಕ್ಕೊಂದು ವಿಳಾಸವಿದೆ.

ಕುಟುಂಬ ಕೊನೆಗೆ ಚರ್ಮ, ಎರಡು ಉಗುರು ಮತ್ತು ಕೊಂಬುಗಳನ್ನು ವಲಯ ಅರಣ್ಯ ಕಚೇರಿಗೆ ಒಪ್ಪಿಸಿ ಸ್ವೀಕೃತಿ ಪತ್ರ ಪಡೆಯಿತು. ಯಜಮಾನರು ಅಂದು ಅಳಲಿಲ್ಲ, ವಾದಿಸಲಿಲ್ಲ. ಗೋಡೆಯಲ್ಲಿ ಉಳಿದ ಬಿಳಿಯ ಗುರುತಿಗೆ ಸುಣ್ಣ ಹೊಡೆಸಿದೆನೆಂದು ನಂತರ ತಿಳಿಸಿದರು. ಒಪ್ಪಿಸುವ ಪತ್ರದಲ್ಲಿ ನಾವು ಒಂದು ಕೋರಿಕೆಯನ್ನು ಸೇರಿಸಿದ್ದೆವು. ಇಂಥ ವಸ್ತುಗಳನ್ನು ನಾಶಪಡಿಸುವುದು ಸರ್ಕಾರದ ಅಧಿಕಾರ; 2021ರ ಸೆಪ್ಟೆಂಬರ್‌ನಲ್ಲಿ ಅಸ್ಸಾಂ ಸರ್ಕಾರ ಸುಮಾರು ಎರಡೂವರೆ ಸಾವಿರ ಘೇಂಡಾಮೃಗದ ಕೊಂಬುಗಳನ್ನು ಬಹಿರಂಗವಾಗಿ ಸುಟ್ಟದ್ದನ್ನು ನಾನು ಸ್ವಾಗತಿಸಿದವನೇ. ಆದರೆ ಸುಡುವ ಮೊದಲು ಪ್ರತಿ ಚರ್ಮದ ಫೋಟೊ, ಪ್ರಾಣಿಯನ್ನು ಕೊಂದ ಊರು, ಅಂದಾಜು ವರ್ಷ, ಮನೆಯವರ ಹೇಳಿಕೆ ಇವನ್ನು ದಾಖಲಿಸಿ ಜಿಲ್ಲೆಯಲ್ಲಿ ಒಂದು ಪ್ರತಿ ಇಡಬೇಕೆಂದು ಕೇಳಿದೆವು. ಎಪ್ಪತ್ತು ವರ್ಷಗಳ ಹಿಂದೆ ಹೊಸನಗರದ ಆ ಕಾನಿನಲ್ಲಿ ಹುಲಿ ಇತ್ತು ಎನ್ನಲು ಆ ಮನೆಯ ಜಗಲಿಯಲ್ಲಿದ್ದುದನ್ನು ಬಿಟ್ಟರೆ ಬೇರೆ ದಾಖಲೆಯನ್ನು ನಾನು ಕಂಡಿಲ್ಲ. ಮುಂದೆ ಆ ಕಾಡನ್ನು ಯಾವುದಾದರೂ ಯೋಜನೆಗೆ ಕೇಳಿದಾಗ ಅಂಥ ಕಾಗದ ನಮ್ಮ ಕೈಯಲ್ಲಿ ಇರಬೇಕಾಗುತ್ತದೆ. ಕೋರಿಕೆಗೆ ಇನ್ನೂ ಉತ್ತರ ಬಂದಿಲ್ಲ, ನೆನಪೋಲೆ ಕಳುಹಿಸಿದ್ದೇವೆ.